ಅಜ್ಜಿ ಹಲ್ಲು ಸೆಟ್ಟಿಗೂ ಫಂಗಸ್ ಹಿಡಿಯುತ್ತಾ? ‘ನ್ಯಾನೊ ಹಲ್ಲು’ ನಿಜಕ್ಕೂ ಏನು ಮಾಡುತ್ತೆ?

ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಬಸ್ಸಲ್ಲಿ ಕೂತು ಕೇಳ್ತಿರೋರಿಗೂ, ಊಟ ಮುಗಿಸಿ ಮಹಡಿ ಮೇಲೆ ಓಡಾಡ್ತಾ ಕೇಳ್ತಿರೋರಿಗೂ ಸ್ವಾಗತ. ಇವತ್ತಿನ ವಿಷಯ ಹಲ್ಲು ಸೆಟ್. ‘ನಮಗ್ಯಾಕೆ ಇದು’ ಅಂತ ಸ್ಕಿಪ್ ಮಾಡೋಕೆ ಮುಂಚೆ ಎರಡು ನಿಮಿಷ ಕೊಡಿ. ಇದರಲ್ಲಿ ನಾನು ಮಾಡಿದ ಒಂದು ತಪ್ಪೂ ಇದೆ. ನಿಮ್ಮಲ್ಲಿ ಕೆಲವರಾದ್ರೂ ಅದೇ ತಪ್ಪು ಮಾಡಿರ್ತೀರಿ.

ಮೊದಲು ಮನೆ ಕಥೆ

ನಮ್ಮೂರು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ಅಜ್ಜಿಗೆ ಈಗ 74 ವರ್ಷ. ಬದುಕಿನ ಬಹುಪಾಲು ರೇಷ್ಮೆ ಹುಳು ಸಾಕಿ, ಗೂಡು ಮಾರಿ ಮನೆ ನಡೆಸಿದೋಳು. ಆರು ವರ್ಷದ ಹಿಂದೆ ಮೇಲೂ ಕೆಳಗೂ ಪೂರ್ತಿ ಸೆಟ್ ಹಾಕಿಸ್ಕೊಂಡ್ಳು. ‘ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ’ ಅಂತ ಗಾದೆ ಹೇಳ್ತಿದ್ದೋಳು ಆಮೇಲೆ ಹುರಿದ ಕಡ್ಲೆಕಾಯನ್ನೂ ಬಿಡ್ತಿರಲಿಲ್ಲ.

ಈ ಸಲ ಊರಿಗೆ ಹೋದಾಗ ನೋಡ್ತೀನಿ, ಅಜ್ಜಿ ಸಾರು ಮುಟ್ಟೋದೇ ಬಿಟ್ಟಿದ್ದಾಳೆ. ಮುದ್ದೆನ ಮಜ್ಜಿಗೆಯಲ್ಲಿ ಅದ್ದಿ ನುಂಗ್ತಾಳೆ. ಕೇಳಿದ್ರೆ ‘ಬಾಯೆಲ್ಲಾ ಉರಿ ಕಣಪ್ಪ, ಉಷ್ಣ ಆಗೈತೆ’ ಅಂತಾಳೆ. ಅಪ್ಪನ ಪ್ರಕಾರ ಅದು ಬೋರ್‌ವೆಲ್ ನೀರಿನ ದೋಷ. ನಮ್ಮ ಕಡೆ ಬಾಯಿಗೆ ಏನಾದ್ರೂ ಫ್ಲೋರೈಡ್ ಮೇಲೆ ಹಾಕಿಬಿಡೋದು ಅಭ್ಯಾಸ. ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಆಳದ ಬೋರ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರೋದು ನಿಜ. ಆದ್ರೆ ಅದು ಹಲ್ಲಿಗೆ ಕಲೆ ಕಟ್ಟಿಸೋದು ಹಲ್ಲು ಒಳಗೆ ರೂಪುಗೊಳ್ಳೋ ಬಾಲ್ಯದಲ್ಲಿ. 74ರಲ್ಲಿ ಅಂಗುಳ ಉರಿಯೋದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಚಿಕ್ಕಬಳ್ಳಾಪುರದಲ್ಲಿ ದಂತ ವೈದ್ಯರ ಹತ್ರ ಕರ್ಕೊಂಡು ಹೋದ್ವಿ. ಡಾಕ್ಟ್ರು ಮೇಲಿನ ಸೆಟ್ ತೆಗೆದು ನನ್ನನ್ನ ಹತ್ರ ಕರೆದ್ರು. ಅಂಗುಳ ಕೆಂಪಗೆ ಆಗಿತ್ತು. ಆ ಕೆಂಪಿನ ಅಂಚು ಸೆಟ್‌ನ ಅಂಚಿಗೆ ಸರಿಯಾಗಿ ಕೂರ್ತಿತ್ತು, ಅಚ್ಚು ಒತ್ತಿದ ಹಾಗೆ. ಸೆಟ್ ಮುಟ್ಟಿದ್ರೆ ತೊಟ್ಟಿಯ ಪಾಚಿ ತರ ಲೋಳೆ.

‘ಅಜ್ಜಿ, ರಾತ್ರಿ ಇದನ್ನ ತೆಗೆದಿಡ್ತೀರಾ?’ ಅಂದ್ರು ಡಾಕ್ಟ್ರು. ಅಜ್ಜಿ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ನನಗೊಬ್ಬನಿಗೇ ಹೇಳಿದ್ಳು: ‘ಹಾಕಿಸಿದ ದಿನಾನೇ ಹೇಳಿದ್ರು ತೆಗೀಬೇಕು ಅಂತ. ನೀನೇ ಅಲ್ವೇನೋ ಅವತ್ತು ನಕ್ಕಿದ್ದು?’

ನೆನಪಾಯ್ತು. ಸೆಟ್ ಹೊಸದಾಗಿ ಬಂದ ವಾರ ಅಜ್ಜಿ ಅದನ್ನ ತೆಗೆದು ಲೋಟದಲ್ಲಿಟ್ಟಾಗ ನಾನು ಫೋನಲ್ಲಿ ವಿಡಿಯೊ ಮಾಡಿ ಸ್ಟೇಟಸ್‌ಗೆ ಹಾಕಿದ್ದೆ. ಎಲ್ಲರೂ ನಕ್ಕಿದ್ರು, ನಾನೂ ನಕ್ಕಿದ್ದೆ. ಅವತ್ತಿಂದ ಆರು ವರ್ಷ ಅಜ್ಜಿ ಯಾರೆದುರಿಗೂ ಸೆಟ್ ತೆಗೆದಿಲ್ಲ. ಮಲಗುವಾಗಲೂ.

ಆ ಕೆಂಪು ಏನು?

ಇದಕ್ಕೆ ವೈದ್ಯರ ಭಾಷೆಯಲ್ಲಿ ಡೆಂಚರ್ ಸ್ಟೊಮಟೈಟಿಸ್ ಅಂತಾರೆ. ಅಂದ್ರೆ ಹಲ್ಲು ಸೆಟ್ ಕೆಳಗೆ ಬರೋ ಬಾಯಿಯ ಉರಿಯೂತ. ಅಪರೂಪದ ಕಾಯಿಲೆ ಏನಲ್ಲ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಸೆಟ್ ಹಾಕೋರಲ್ಲಿ ಶೇ 15ರಿಂದ ಹಿಡಿದು ಶೇ 70ಕ್ಕೂ ಹೆಚ್ಚು ಜನರಲ್ಲಿ ಕಂಡಿದೆ. ಎಷ್ಟೋ ಜನಕ್ಕೆ ಉರಿಯೇ ಇರಲ್ಲ, ಹಾಗಾಗಿ ಗೊತ್ತೂ ಆಗಲ್ಲ.

ಇದರಲ್ಲಿ ದೊಡ್ಡ ಪಾತ್ರ ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನೋ ಫಂಗಸ್‌ದು. ಅದು ಹೊರಗಿಂದ ಬಂದ ಶತ್ರು ಅಲ್ಲ. ಆರೋಗ್ಯವಾಗಿರೋ ಎಷ್ಟೋ ಜನರ ಬಾಯಲ್ಲೂ ಸುಮ್ಮನೆ ಇರುತ್ತೆ. ಜಾಗ ಸಿಕ್ಕಾಗ ಮಾತ್ರ ಬಾಲ ಬಿಚ್ಚುತ್ತೆ. ಸೆಟ್ ಕೆಳಗೆ ಬೆಚ್ಚಗಿರುತ್ತೆ, ತೇವ ಇರುತ್ತೆ, ಗಾಳಿ ಕಮ್ಮಿ, ಬಾಯಿ ತೊಳೆಯೋ ಜೊಲ್ಲೂ ಅಲ್ಲಿಗೆ ಸರಿಯಾಗಿ ಹೋಗಲ್ಲ. ಅದರ ಮೇಲೆ ಸಕ್ಕರೆ ಕಾಯಿಲೆ, ಒಣ ಬಾಯಿ, ಅಥವಾ ಉಬ್ಬಸಕ್ಕೆ ಸ್ಟಿರಾಯ್ಡ್ ಇನ್‌ಹೇಲರ್ ಸೇರಿದ್ರೆ ಇನ್ನೂ ಸುಲಭ. ಅಜ್ಜಿಗೆ ಶುಗರ್ ಜಾಸ್ತಿ ಇರೋದು ಗೊತ್ತಾಗಿದ್ದೂ ಅವತ್ತೇ.

ಇನ್ನು ಸೆಟ್‌ನ ಗುಲಾಬಿ ಭಾಗ. ಅದು ಅಕ್ರಿಲಿಕ್. ಪೂರ್ತಿ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್, ಚಿಕ್ಕದಾಗಿ ಪಿಎಂಎಂಎ. ಅಂಗಡಿ ಬೋರ್ಡುಗಳಿಗೆ ಹಾಕೋ ಅಕ್ರಿಲಿಕ್ ಶೀಟೂ ಇದೇ ಕುಟುಂಬ. 1930ರ ದಶಕದ ಕೊನೆಯಿಂದ ಹಲ್ಲು ಸೆಟ್‌ಗೆ ಇದೇ ಮುಖ್ಯ ವಸ್ತು. ಹಗುರ, ಅಗ್ಗ, ವಸಡಿನ ಬಣ್ಣ ಬರುತ್ತೆ, ಒಡೆದ್ರೆ ರಿಪೇರಿ ಮಾಡಬಹುದು. ಆದ್ರೆ ಇದು ಸ್ವಲ್ಪ ನೀರು ಹೀರುತ್ತೆ, ಮೇಲ್ಮೈಯಲ್ಲಿ ಸೂಕ್ಷ್ಮ ರಂಧ್ರ, ಗೀರುಗಳಿರ್ತವೆ.

ಎಷ್ಟು ಸೂಕ್ಷ್ಮ? ನಮ್ಮ ಶಿಡ್ಲಘಟ್ಟದ ಲೆಕ್ಕದಲ್ಲೇ ಹೇಳ್ತೀನಿ. ರೇಷ್ಮೆ ಗೂಡಿಂದ ಬಿಚ್ಚಿದ ಒಂದೇ ಎಳೆ ತಗೊಳ್ಳಿ. ಅದರ ದಪ್ಪ ಸುಮಾರು 20 ಮೈಕ್ರೊಮೀಟರ್. ಕ್ಯಾಂಡಿಡಾದ ಒಂದು ಕೋಶ ಸುಮಾರು 5 ಮೈಕ್ರೊಮೀಟರ್, ಅಂದ್ರೆ ಆ ಎಳೆಯ ಅಡ್ಡಕ್ಕೆ ನಾಲ್ಕು ಕೋಶ ಸಾಲಾಗಿ ನಿಲ್ತವೆ. ಬಾಯೊಳಗಿನ ವಸ್ತುವಿನ ಒರಟುತನ 0.2 ಮೈಕ್ರೊಮೀಟರ್ ದಾಟಿದ್ರೆ ಸೂಕ್ಷ್ಮಜೀವಿಗಳು ಹೆಚ್ಚು ಹಿಡ್ಕೊಳ್ತವೆ ಅಂತ 1990ರ ದಶಕದ ಅಧ್ಯಯನಗಳು ತೋರಿಸಿವೆ. ಟೂತ್‌ಪೇಸ್ಟ್ ಹಾಕಿ ಗಸಗಸ ಉಜ್ಜಿದ ಸೆಟ್ ಕಣ್ಣಿಗೆ ಹೊಳೆದ್ರೂ ಕ್ಯಾಂಡಿಡಾ ಪಾಲಿಗೆ ಅದು ಹಳ್ಳ ದಿಣ್ಣೆ ರಸ್ತೆ.

ಹಿಡ್ಕೊಂಡ ಮೇಲೆ ಅದು ಒಬ್ಬಂಟಿಯಾಗಿರಲ್ಲ. ದುಂಡಗಿದ್ದ ಕೋಶ ಉದ್ದುದ್ದ ಎಳೆ ಬಿಡುತ್ತೆ, ಬ್ಯಾಕ್ಟೀರಿಯಾ ಜೊತೆ ಸೇರಿ ಲೋಳೆಯ ಪದರ ಕಟ್ಟುತ್ತೆ. ಇದೇ ಬಯೋಫಿಲ್ಮ್. ಈ ಪದರದೊಳಗೆ ಕೂತ ಫಂಗಸ್‌ಗೆ ಔಷಧಿ ಅಷ್ಟು ಸುಲಭಕ್ಕೆ ನಾಟಲ್ಲ. ಬಾಯಿಗೆ ಮಾತ್ರ ಔಷಧಿ ಹಾಕಿ ಸೆಟ್ ಹಾಗೇ ಬಿಟ್ರೆ ವಾಪಸ್ ಬರೋದು ಇದಕ್ಕೇ.

ಚಿಕ್ಕಪ್ಪ ಕಳಿಸಿದ ಫಾರ್ವರ್ಡ್

ಅವತ್ತು ರಾತ್ರಿ ಫ್ಯಾಮಿಲಿ ಗ್ರೂಪಿಗೆ ಗೌರಿಬಿದನೂರಿಂದ ಚಿಕ್ಕಪ್ಪ ಒಂದು ಜಾಹೀರಾತು ಹಾಕಿದ್ರು. ‘ನ್ಯಾನೊ ಸಿಲ್ವರ್ ಹಲ್ಲು ಸೆಟ್, ಫಂಗಸ್ ಬರೋದೇ ಇಲ್ಲ, ತೊಳೆಯೋ ತಲೆನೋವೂ ಇಲ್ಲ.’ ಕೆಳಗೆ ಚಿಕ್ಕಪ್ಪನ ಮಾತು: ‘ದುಡ್ಡು ನಾನು ಕೊಡ್ತೀನಿ, ಅಮ್ಮನಿಗೆ ಇದೇ ಹಾಕಿಸಿ.’

ಒಳ್ಳೇ ಮನಸ್ಸಿಂದ ಹೇಳಿದ್ದು. ಹಾಗಾಗಿ ತಳ್ಳಿಹಾಕದೆ ಓದೋಕೆ ಕೂತೆ.

ನ್ಯಾನೊ ಅನ್ನೋದು ಬುರುಡೆ ಅಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಅವರ ಹೆಸರು ಕೇಳಿರ್ತೀರಿ. ಆ ‘ಸಿ’ ಅಂದ್ರೆ ಚಿಂತಾಮಣಿ. ಅವರ ಕೆಲಸದ ದೊಡ್ಡ ಭಾಗವೇ ಇಂಥ ಸೂಕ್ಷ್ಮ ವಸ್ತುಗಳ ರಸಾಯನಶಾಸ್ತ್ರ. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಗಾತ್ರದ ಕಣಗಳಿಗೆ ನ್ಯಾನೊ ಕಣ ಅಂತಾರೆ. 20 ನ್ಯಾನೊಮೀಟರ್ ಕಣ ಆದ್ರೆ ಅದೇ ರೇಷ್ಮೆ ಎಳೆಯ ಅಡ್ಡಕ್ಕೆ ಸಾವಿರ ನಿಲ್ತವೆ.

ಚಿಕ್ಕದಾದ್ರೆ ಏನು ಲಾಭ? ಒಂದು ಸೆಂಟಿಮೀಟರ್ ಅಗಲ, ಉದ್ದ, ಎತ್ತರದ ಬೆಳ್ಳಿ ತುಂಡು ಇದೆ ಅನ್ಕೊಳ್ಳಿ. ಅದರ ಹೊರಮೈ 6 ಚದರ ಸೆಂಟಿಮೀಟರ್. ಅದನ್ನೇ 20 ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದ್ರೆ ಒಟ್ಟು ಹೊರಮೈ 300 ಚದರ ಮೀಟರ್ ಆಗುತ್ತೆ. ಎರಡೂವರೆ 30×40 ಸೈಟಿಗಿಂತ ಜಾಸ್ತಿ! ಬೆಳ್ಳಿ ಅಷ್ಟೇ, ಆದ್ರೆ ಕೆಲಸ ಮಾಡೋ ಜಾಗ ಅಷ್ಟು ಹೆಚ್ಚಿತು. ಹಾಗಾಗಿ ಮಗುವಿಗೆ ಹಾಲು ಕುಡಿಸೋ ಬೆಳ್ಳಿ ಒಳಲೆ ಬೇರೆ, ನ್ಯಾನೊ ಬೆಳ್ಳಿ ಬೇರೆ.

ಅದನ್ನ ಬೆರೆಸೋದು ಹೇಗೆ? ಹಲ್ಲು ಸೆಟ್ ಮಾಡೋವಾಗ ಅಕ್ರಿಲಿಕ್ ಪುಡಿ, ದ್ರವ ಎರಡನ್ನೂ ಕಲಸಿ, ಅಚ್ಚಿಗೆ ತುಂಬಿ, ಬಿಸಿನೀರಲ್ಲಿ ಗಟ್ಟಿ ಮಾಡ್ತಾರೆ. ನ್ಯಾನೊ ಕಣಗಳನ್ನ ಆ ಪುಡಿಗೋ ದ್ರವಕ್ಕೋ ಮೊದಲೇ ಸೇರಿಸ್ತಾರೆ. ಇಲ್ಲಾಂದ್ರೆ ಸಿದ್ಧವಾದ ಸೆಟ್ ಮೇಲೆ ತೆಳು ಲೇಪನ ಕೊಡ್ತಾರೆ.

ಕಣಗಳು ಫಂಗಸ್‌ನ ತಡೆಯೋದು ಮುಖ್ಯವಾಗಿ ಮೂರು ದಾರಿಯಲ್ಲಿ.

ಒಂದು, ಬೆಳ್ಳಿ. ತೇವದಲ್ಲಿ ಬೆಳ್ಳಿ ಅಯಾನುಗಳು ಸ್ವಲ್ಪ ಸ್ವಲ್ಪ ಬಿಡುಗಡೆ ಆಗ್ತವೆ. ಅವು ಫಂಗಸ್‌ನ ಪ್ರೋಟೀನುಗಳಲ್ಲಿರೋ ಗಂಧಕದ ಭಾಗಕ್ಕೆ ಅಂಟಿಕೊಂಡು ಕೆಲಸ ಕೆಡಿಸ್ತವೆ, ಕೋಶದ ಪೊರೆಯನ್ನೂ ಹಾಳು ಮಾಡ್ತವೆ.

ಎರಡು, ಟೈಟಾನಿಯಂ ಡೈಆಕ್ಸೈಡ್, ಸತುವಿನ ಆಕ್ಸೈಡ್. ಇವು ಆಕ್ಸಿಜನ್‌ನ ಚುರುಕು ರೂಪಗಳನ್ನ ಹುಟ್ಟಿಸಿ ಕೋಶವನ್ನ ಸುಡ್ತವೆ. 2017ರಲ್ಲಿ ರೊಮೇನಿಯಾದ ಸಂಶೋಧಕರು ಪಿಎಂಎಂಎಗೆ ಟೈಟಾನಿಯಂ ಡೈಆಕ್ಸೈಡ್ ನ್ಯಾನೊ ಕಣ ಸೇರಿಸಿ 3ಡಿ ಪ್ರಿಂಟಿಂಗ್‌ನಲ್ಲಿ ಸೆಟ್ ಮಾಡಿದ್ರು. ಶೇ 0.4ರಷ್ಟು ಬೆರಕೆಗೇ ಕ್ಯಾಂಡಿಡಾ ಜಾತಿಯ ಫಂಗಸ್ ಬೆಳೆಯೋದು ತಗ್ಗಿತು.

ಮೂರು, ಹಿಡ್ಕೊಳ್ಳೋಕೆ ಜಾಗ ಕೊಡದೇ ಇರೋದು. ಜಿರ್ಕೋನಿಯಾ ತರದ ಗಟ್ಟಿ ಕಣಗಳು ಇಲ್ಲಿ ಬರ್ತವೆ. ಸೌದಿ ಅರೇಬಿಯಾದ ದಮ್ಮಾಮ್‌ನ ಒಂದು ತಂಡ, ಸೆಟ್ ರಿಪೇರಿಗೆ ಬಳಸೋ ಅಕ್ರಿಲಿಕ್‌ಗೆ ಜಿರ್ಕೋನಿಯಾ ನ್ಯಾನೊ ಕಣ ಬೆರೆಸಿದಾಗ ಕ್ಯಾಂಡಿಡಾ ಅಂಟೋದು ಕಮ್ಮಿ ಆಯ್ತು ಅಂತ 2017ರಲ್ಲಿ ಪ್ರಕಟಿಸಿತು.

ಹಾಗಾದ್ರೆ ಕೊಂಡುಕೊಂಡು ಬಿಡೋಣ್ವಾ?

ತಡೀರಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋಕೆ ಒಂದು ಸಮಿತಿ ಮಾಡಿದ್ರು. ಅವರ ತಾಲ್ಲೂಕಿಂದ ಬಂದ ಫಾರ್ವರ್ಡ್ ಮೇಲೆ ಅವರ ದಾರೀಲೇ ಪ್ರಶ್ನೆ ಕೇಳೋಣ.

ಮೊದಲ ಪ್ರಶ್ನೆ ಬೆರಕೆದು. ರಾಗಿ ಮುದ್ದೆ ತೊಳಸೋವಾಗ ಹಿಟ್ಟು ಜಾಸ್ತಿ ಆಗಿ ಸರಿಯಾಗಿ ತಿರುವದಿದ್ರೆ ಗಂಟು ಕಟ್ಟುತ್ತಲ್ಲ, ನ್ಯಾನೊ ಕಣಗಳೂ ಹಾಗೇ. ಅವಕ್ಕೆ ಒಂದಕ್ಕೊಂದು ಅಂಟೋ ಗುಣ. ಗಂಟು ಇರೋ ಕಡೆ ಅಕ್ರಿಲಿಕ್ ದುರ್ಬಲ ಆಗುತ್ತೆ, ಅಲ್ಲಿಂದಲೇ ಬಿರುಕು ಬಿಡುತ್ತೆ. ಬಿಸಿಯಲ್ಲಿ ಗಟ್ಟಿ ಮಾಡೋ ಅಕ್ರಿಲಿಕ್ ಬಾಗುವ ಪರೀಕ್ಷೆಯಲ್ಲಿ ಕನಿಷ್ಠ 65 ಮೆಗಾಪಾಸ್ಕಲ್ ತಡೀಬೇಕು ಅಂತ ಐಎಸ್‌ಒ 20795-1 ಮಾನದಂಡ ಹೇಳುತ್ತೆ. ಫಂಗಸ್ ತಡೆಯೋಕೆ ಹೆಚ್ಚು ಕಣ ಬೇಕು, ಗಟ್ಟಿತನ ಉಳಿಯೋಕೆ ಕಮ್ಮಿ ಕಣ ಬೇಕು. ಎಳೆದಾಟ ಇರೋದೇ ಇಲ್ಲಿ.

ಎರಡನೇದು ಬಣ್ಣ. ಬೆಳ್ಳಿ ಜಾಸ್ತಿ ಆದ್ರೆ ಗುಲಾಬಿ ವಸಡು ಕಂದು, ಬೂದಿ ಬಣ್ಣಕ್ಕೆ ತಿರುಗುತ್ತೆ. ನಗೋಕೆ ನಾಚಿಕೆ ಪಡೋ ಅಜ್ಜಿಗೆ ಅದನ್ನ ಹಾಕಿಸೋದು ಹೇಗೆ?

ಮೂರನೇದು ಬೆಳಕು. ಟೈಟಾನಿಯಂ ಡೈಆಕ್ಸೈಡ್ ಜೋರಾಗಿ ಕೆಲಸ ಮಾಡೋದು ನೇರಳಾತೀತ ಕಿರಣ ಬಿದ್ದಾಗ. ಅಂಗುಳ ಮತ್ತು ಸೆಟ್ ಮಧ್ಯೆ ಬಿಸಿಲು ಎಲ್ಲಿಂದ ಬರಬೇಕು?

ನಾಲ್ಕನೇದು ಎಲ್ಲಕ್ಕಿಂತ ಮುಖ್ಯ. ಲ್ಯಾಬೇ ಬೇರೆ, ಬಾಯಿಯೇ ಬೇರೆ. ಲ್ಯಾಬಲ್ಲಿ ಸ್ವಚ್ಛ ಅಕ್ರಿಲಿಕ್ ತುಂಡಿನ ಮೇಲೆ ಫಂಗಸ್ ಬಿಟ್ಟು, ಸಾಮಾನ್ಯವಾಗಿ ಕೆಲವು ಗಂಟೆ ಇಲ್ಲಾ ಕೆಲವು ದಿನ ನೋಡ್ತಾರೆ. ಬಾಯಲ್ಲಿ ಸೆಟ್ ಹಾಕಿದ ಕೆಲವೇ ನಿಮಿಷಕ್ಕೆ ಜೊಲ್ಲಿನ ಪ್ರೋಟೀನುಗಳು ಅದರ ಮೇಲೆ ತೆಳು ಪೊರೆ ಕಟ್ಟಿಬಿಡ್ತವೆ. ಆಮೇಲೆ ಸಾರು, ಕಾಫಿ, ಎಲೆ ಅಡಿಕೆ. ಕಣಗಳ ಮೇಲೆ ಹೊದಿಕೆ ಬಿದ್ದ ಹಾಗೆ. ಅಯಾನು ಬಿಡುಗಡೆ ಆಗೋ ಸೆಟ್‌ನಲ್ಲಿ ದಾಸ್ತಾನೂ ಕ್ರಮೇಣ ಖರ್ಚಾಗುತ್ತೆ. ಹಾಗೆ ಬಿಡುಗಡೆ ಆಗಿದ್ದು ಹೋಗೋದು ಎಲ್ಲಿಗೆ? ಹೊಟ್ಟೆಗೆ. ಪ್ರಮಾಣ ಹೆಚ್ಚಾದ್ರೆ ಬೆಳ್ಳಿ ಕಣಗಳು ಮನುಷ್ಯನ ಕೋಶಗಳಿಗೂ ಹಾನಿ ಮಾಡ್ತವೆ ಅನ್ನೋದು ಲ್ಯಾಬ್ ಪರೀಕ್ಷೆಗಳಲ್ಲಿ ಕಂಡಿದೆ.

ಒಟ್ಟಿನಲ್ಲಿ, ಈ ಸಂಶೋಧನೆ ಭರವಸೆ ಕೊಡುತ್ತೆ. ಆದ್ರೆ ಅದರ ಬಹುಪಾಲು ಇನ್ನೂ ಲ್ಯಾಬ್ ಮಟ್ಟದ್ದು. ಹಿರಿಯರ ಬಾಯಲ್ಲಿ ವರ್ಷಗಟ್ಟಲೆ ಇಟ್ಟು ನೋಡಿದ ಗಟ್ಟಿ ಪರೀಕ್ಷೆಗಳು ಬೇಕು.

ಯಾರಾದ್ರೂ ನಿಮ್ಮ ಮನೆಯವರಿಗೆ ನ್ಯಾನೊ ಸೆಟ್ ಮಾರೋಕೆ ಬಂದ್ರೆ ಇಷ್ಟು ಕೇಳಿ. ಯಾವ ಕಣ, ಎಷ್ಟು ಪ್ರಮಾಣ? ಮನುಷ್ಯರ ಮೇಲೆ ಎಷ್ಟು ಕಾಲ ಪರೀಕ್ಷೆ ಆಗಿದೆ? ಗಟ್ಟಿತನದ ಪರೀಕ್ಷೆ ಪಾಸಾಗಿದೆಯಾ? ಕೊನೇದಾಗಿ, ದಿನಾ ತೊಳೀಬೇಕಾ? ‘ತೊಳೆಯೋದೇ ಬೇಡ’ ಅಂದ್ರೆ ಮಾತು ಅಲ್ಲಿಗೇ ಮುಗಿಸಿ ಎದ್ದು ಬನ್ನಿ.

ಅಜ್ಜಿಗೆ ಅರ್ಥ ಆಗಿದ್ದು ಹೀಗೆ

ಬಯೋಫಿಲ್ಮ್, ಕ್ಯಾಂಡಿಡಾ ಅಂತ ಅಜ್ಜಿಗೆ ಹೇಳೋಕೆ ಹೋಗಿ ಸೋತೆ. ಆಮೇಲೆ ಒಂದು ಹೊಳೀತು. ‘ಅಜ್ಜಿ, ಹುಳಕ್ಕೆ ಸುಣ್ಣಕಟ್ಟು ರೋಗ ಬರ್ತಿತ್ತಲ್ಲ, ಅಂಥದ್ದೇ ಒಂದು ನಿನ್ನ ಬಾಯಿಗೆ ಬಂದಿದೆ’ ಅಂದೆ.

ರೇಷ್ಮೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಸುಣ್ಣಕಟ್ಟು ಅಂದ್ರೆ ಹುಳು ಸತ್ತು ಸುಣ್ಣದ ಕಡ್ಡಿ ತರ ಬೆಳ್ಳಗೆ, ಗಟ್ಟಿ ಆಗಿಬಿಡೋ ರೋಗ. ಅದಕ್ಕೂ ಕಾರಣ ಒಂದು ಫಂಗಸ್, ಬೋವೇರಿಯಾ ಬಾಸಿಯಾನಾ. 1835ರಲ್ಲಿ ಇಟಲಿಯ ಅಗಸ್ಟಿನೋ ಬಾಸಿ ಅನ್ನೋರು ಇದನ್ನ ತೋರಿಸಿಕೊಟ್ರು. ಕಣ್ಣಿಗೆ ಕಾಣದ ಜೀವಿ ಪ್ರಾಣಿಗೆ ರೋಗ ತರುತ್ತೆ ಅಂತ ಸಾಬೀತಾದ ಮೊದಮೊದಲ ಉದಾಹರಣೆ ಇದೇ. ಆ ಫಂಗಸ್ ಬೇರೆ, ಬಾಯಿಯ ಫಂಗಸ್ ಬೇರೆ. ಒಂದರಿಂದ ಇನ್ನೊಂದು ಬರಲ್ಲ. ಆದ್ರೆ ತೇವ, ಕೊಳೆ, ಗಾಳಿ ಇಲ್ಲದ ಜಾಗ ಎರಡಕ್ಕೂ ಇಷ್ಟ.

ಅಜ್ಜಿ ಸ್ವಲ್ಪ ಹೊತ್ತು ಸೆಟ್ ಕೈಯಲ್ಲಿ ಹಿಡ್ಕೊಂಡು ನೋಡಿದ್ಳು. ‘ಪ್ರತಿ ಬೆಳೆಗೂ ಹುಳದ ಮನೆಗೆ ಬ್ಲೀಚಿಂಗ್ ಹೊಡೀತಿದ್ದೆ. ತಟ್ಟೆ ಬಿಸಿಲಿಗೆ ಹಾಕ್ತಿದ್ದೆ. ಇದನ್ನ ಆರು ವರ್ಷ ಬಾಯಲ್ಲೇ ಇಟ್ಕೊಂಡಿದ್ದೀನಲ್ಲೋ!’ ಅಂದ್ಳು. ನಾನು ಇಂಟರ್ನೆಟ್ಟಲ್ಲಿ ಓದಿದ್ದೆಲ್ಲ ಅಜ್ಜಿಗೆ ಮೊದಲೇ ಗೊತ್ತಿತ್ತು, ಹುಳದ ಲೆಕ್ಕದಲ್ಲಿ.

ನೀವು ಮನೆಯಲ್ಲಿ ಮಾಡಬೇಕಾದ್ದು

ರಾತ್ರಿ ಸೆಟ್ ತೆಗೀಬೇಕು. ಇದು ಮೊದಲ ಮಾತು. ಟೋಕಿಯೊದಲ್ಲಿ 85 ದಾಟಿದ 524 ಹಿರಿಯರನ್ನ ಮೂರು ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟ ಆಯ್ತು. ಸೆಟ್ ಹಾಕ್ಕೊಂಡೇ ಮಲಗೋರಲ್ಲಿ ನ್ಯುಮೋನಿಯಾ ಅಪಾಯ ಸುಮಾರು ಎರಡು ಪಟ್ಟು ಕಂಡಿತ್ತು. ಇನ್ನು ಕ್ಯಾಂಡಿಡಾ ಆಲ್ಬಿಕನ್ಸ್‌ನ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅತಿ ಗಂಭೀರ ಫಂಗಸ್‌ಗಳ ಗುಂಪಿಗೆ ಸೇರಿಸಿದೆ. ಬಾಯಲ್ಲಿ ಇದ್ದ ಮಾತ್ರಕ್ಕೆ ಹೆದರಬೇಕಿಲ್ಲ, ತುಂಬಾ ನಿತ್ರಾಣ ಆದವರಲ್ಲಿ ರಕ್ತಕ್ಕೆ ಸೇರಿದ್ರೆ ಜೀವಕ್ಕೆ ಅಪಾಯ. ಹಾಗಂತ ಉದಾಸೀನವೂ ಬೇಡ.

ತೆಗೆದ ಸೆಟ್‌ನ ಮೆತ್ತನೆ ಬ್ರಷ್, ಸಾಧಾರಣ ಸೋಪಲ್ಲಿ ತೊಳೀರಿ. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತೆ. ಬಿಸಿನೀರು ಬೇಡ, ಆಕಾರ ಕೆಡುತ್ತೆ. ತೊಳೆಯುವಾಗ ಕೆಳಗೆ ಒಂದು ಬೋಗುಣಿ ನೀರೋ ಬಟ್ಟೆಯೋ ಇಟ್ಕೊಳ್ಳಿ, ಕೈ ಜಾರಿದ್ರೂ ಒಡೆಯಲ್ಲ. ರಾತ್ರಿ ತಣ್ಣೀರಲ್ಲಿ ಮುಳುಗಿಸಿಡಿ. ಅಂಗುಳ, ವಸಡು, ನಾಲಿಗೆಯನ್ನೂ ಮೆತ್ತಗೆ ಉಜ್ಜಬೇಕು. ಬ್ಲೀಚಿಂಗ್ ಹುಳದ ಮನೆಗೆ ಸರಿ, ಸೆಟ್‌ಗೆ ನೀವಾಗಿ ಹಾಕಬೇಡಿ. ಸೆಟ್‌ಗೆ ಅಂತಲೇ ಶುಚಿ ಮಾಡೋ ಮಾತ್ರೆಗಳಿವೆ, ಡಾಕ್ಟರನ್ನ ಕೇಳಿ. ಅದು ನೀರಿಗೆ ಹಾಕೋ ಮಾತ್ರೆ, ನುಂಗೋದಲ್ಲ ಅಂತ ಮನೆಯವರಿಗೆ ಬಿಡಿಸಿ ಹೇಳಿ. ಐದು ವರ್ಷ ದಾಟಿದ ಸೆಟ್ ಆದ್ರೆ ಒಮ್ಮೆ ತೋರಿಸಿ. ಕೆಂಪು ಕಂಡ್ರೆ ಶುಗರ್ ಪರೀಕ್ಷೆಯನ್ನೂ ಮಾಡಿಸಿ.

ಹಲ್ಲೇ ಇಲ್ಲದೆ ದಿನ ದೂಡ್ತಿರೋ ಹಿರಿಯರು ಮನೆಯಲ್ಲಿದ್ರೆ, ಬಿಪಿಎಲ್ ಕಾರ್ಡ್ ಇದ್ರೆ, 2014-15ರಲ್ಲಿ ರಾಜ್ಯ ಸರ್ಕಾರ ಶುರು ಮಾಡಿದ ದಂತ ಭಾಗ್ಯ ಯೋಜನೆ ಬಗ್ಗೆ ಜಿಲ್ಲಾ ಆಸ್ಪತ್ರೆ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ ಕೊಡೋಕೆ ಅಂತಲೇ ಮಾಡಿದ ಯೋಜನೆ ಅದು.

ಕೊನೆಗೆ ನಮ್ಮನೆ ಸುದ್ದಿ. ಡಾಕ್ಟ್ರು ಬಾಯಿಗೂ ಸೆಟ್‌ಗೂ ಸೇರಿಸಿ ಔಷಧಿ ಕೊಟ್ರು, ಶುಗರ್‌ಗೆ ಮಾತ್ರೆ ಶುರು ಆಯ್ತು. ಎರಡು ವಾರದಲ್ಲಿ ಉರಿ ಇಳೀತು. ನ್ಯಾನೊ ಸೆಟ್ ಸದ್ಯಕ್ಕೆ ಬೇಡ, ಆ ದುಡ್ಡಲ್ಲಿ ಅಮ್ಮನ ಹಳೇ ಸೆಟ್ ಸಡಿಲ ಆಗಿರೋದನ್ನ ಸರಿ ಮಾಡಿಸಿ ಅಂತ ಚಿಕ್ಕಪ್ಪಾನೇ ಒಪ್ಪಿಕೊಂಡ್ರು. ನಾನು ಅಜ್ಜಿ ಹತ್ರ ಕ್ಷಮೆ ಕೇಳಿದೆ. ‘ಹೋಗ್ಲಿ ಬಿಡೋ’ ಅಂದ್ಳು. ಆದ್ರೆ ಅವತ್ತು ರಾತ್ರಿ ಸೆಟ್ ತೆಗೆಯುವಾಗ ನನ್ನ ಫೋನ್ ಕೇಳಿ ಇಸ್ಕೊಂಡು, ತನ್ನ ದಿಂಬಿನ ಕೆಳಗೆ ಇಟ್ಕೊಂಡ್ಳು. ಬೆಳಿಗ್ಗೆ ವಾಪಸ್ ಕೊಟ್ಳು.

ಇವತ್ತು ಮನೆಗೆ ಹೋದಾಗ ಅಜ್ಜಿನೋ ತಾತನನ್ನೋ ಮೆಲ್ಲಗೆ ಕೇಳಿ ನೋಡಿ, ರಾತ್ರಿ ಸೆಟ್ ತೆಗೀತಾರಾ ಅಂತ. ನಿಮ್ಮ ಫೋನ್ ಜೇಬಲ್ಲಿರಲಿ.